ಜಾವಕ ಸಂಖ್ಯೆ 731

ಜುಲೈ 3, ಗುರುವಾರ

ಈ ಡೈರಿಯನ್ನು ಜನವರಿಯಲ್ಲಿ ಯಾವನೋ ಗುತ್ತಿಗೆದಾರ ಕಚೇರಿಗೆಲ್ಲ ಹಂಚಿದ್ದು. ಆರು ತಿಂಗಳಿಂದ ಬೀರುವಿನಲ್ಲಿ ಬಿದ್ದಿತ್ತು. ಮೊನ್ನೆ ಶಹಾಪುರದ ಡಾಕ್ಟರು ನನ್ನ ಬಿ.ಪಿ. ನೋಡಿ, "ಎಲ್ಲಾ ಮನಸ್ಸಿನಾಗ ಇಟ್ಕೋಬ್ಯಾಡ್ರಿ ಮಲ್ಲೇಶ್ವರಿಯವ್ರ, ಯಾರಿಗಾದ್ರೂ ಹೇಳ್ಕೋರಿ" ಎಂದರು. ಯಾರಿಗೆ ಹೇಳಲಿ? ನಮ್ಮ ಮನೆಯವರಿಗೆ ಹೇಳಿದರೆ ಅವರ ಝೆರಾಕ್ಸ್ ಅಂಗಡಿಗೆ ಬರುವ ಸುರಪುರದ ಅರ್ಧ ಊರಿಗೆ ಹೇಳಿದ ಹಾಗೆ. ಅದಕ್ಕೇ ಈ ಡೈರಿ.

ಎಳ್ಳಗುಂಡದಲ್ಲಿ ಭಾನುವಾರದಿಂದ ವಾಂತಿ-ಭೇದಿ. ನಲ್ಲಿ ನೀರು ಕುಡಿದವರೆಲ್ಲ ಮಲಗಿದ್ದಾರೆ. ಇವತ್ತು ಮಧ್ಯಾಹ್ನದ ಹೊತ್ತಿಗೆ ನಾಲ್ಕು ಜನ ಸತ್ತರೆಂದು ಸುದ್ದಿ ಬಂತು. ಆ ಊರಿಗೆ ಹೋದ ವರ್ಷವಷ್ಟೇ ನಮ್ಮ ನೀರು ಸರಬರಾಜು ಕಚೇರಿ ಹೊಸ ಪೈಪ್‌ಲೈನ್ ಹಾಕಿಸಿತ್ತು, ಹಾಗಾಗಿ ಬೆಳಗಿನಿಂದ ಫೋನಿಗೆ ಬಿಡುವಿಲ್ಲ. ಇಂಜಿನಿಯರ್ ಬಾಲರಾಜ ಸಾಹೇಬರು ಊಟದ ಡಬ್ಬಿಯನ್ನೂ ಬಿಚ್ಚಲಿಲ್ಲ. ಮೂರೂವರೆಗೆ ನನ್ನನ್ನು ಒಳಗೆ ಕರೆದು ಒಂದು ಕಾಗದ ಕೊಟ್ಟರು. "ಇದಕ್ಕ ಜೂನ್ ಹದಿನೆಂಟಕ್ಕ ಒಂದು ನಂಬರ್ ಹಾಕ್ರಿ." ಹಾಕಿದೆ. 731.

ಕಚೇರಿಯಿಂದ ಹೊರಗೆ ಹೋಗುವ ಪ್ರತಿ ಕಾಗದಕ್ಕೂ ಜಾವಕ ರಿಜಿಸ್ಟರಿನಲ್ಲಿ ನಂಬರು, ತಾರೀಖು ಬೀಳಬೇಕು. ಆ ರಿಜಿಸ್ಟರು ನನ್ನದು. ದಿನಾ ಸಂಜೆ ಕೊನೆಗೆ ಎರಡು ಸಾಲಿಗೆ ನಂಬರು ಮಾತ್ರ ಬರೆದು ಖಾಲಿ ಬಿಡುತ್ತೇನೆ. ನೌಕರಿಗೆ ಸೇರಿದ ವಾರವೇ ಜವಾನ ಶರೀಫಸಾಬ ಕಲಿಸಿದ್ದು. "ಸಾಹೇಬ್ರಿಗಿ ಹಿಂದಿನ ತಾರೀಖಿನ ಕಾಗದ ಬೇಕಾಗ್ತಾವ ಬಾಯಿ. ಎರಡು ಸಾಲು ಬಿಡ್ರಿ. ಬಿಡದಿದ್ರ ಪರೇಶಾನಿ ನಮ್ಗೇ." ಹನ್ನೊಂದು ವರ್ಷದಿಂದ ಬಿಡುತ್ತಿದ್ದೇನೆ. ಯಾರದೋ ರಜೆ ಮಂಜೂರಾತಿ, ಮರೆತುಹೋದ ಯಾವುದೋ ಉತ್ತರ, ಇಂಥವೇ ಅಲ್ಲಿ ಹೋಗಿ ಕೂರುತ್ತವೆ. ಎಲ್ಲ ಕಚೇರಿಯಲ್ಲೂ ಇದೇ ನಡೆಯುತ್ತದೆ.

ಕಾಗದ ಪೂರ್ತಿ ಓದಲಿಲ್ಲ. ವಿಷಯ ಮಾತ್ರ ಬರೆದುಕೊಂಡೆ: ಟ್ಯಾಂಕ್ ಸ್ವಚ್ಛತೆ ಕುರಿತು. ಐದೂವರೆ ಬಸ್ಸು ಸಿಕ್ಕಿತು, ಸೀಟೂ ಸಿಕ್ಕಿತು.

ಜುಲೈ 5, ಶನಿವಾರ

ಎಳ್ಳಗುಂಡದ ನೀರಗಂಟಿಯನ್ನು ಬಂಧಿಸಿದ್ದಾರೆ. ಪೇಪರಿನಲ್ಲಿ ಇದೆ: ಟ್ಯಾಂಕು ತೊಳೆಯಿರಿ, ಔಷಧಿ ಹಾಕಿರಿ, ಸೋರುವ ಜಾಗ ಮುಚ್ಚಿರಿ ಎಂದು ಇಲಾಖೆ ಜೂನ್ 18ರಂದೇ ಅವನಿಗೆ ನೋಟೀಸು ಕೊಟ್ಟಿತ್ತಂತೆ, ಅವನು ಕಿವಿಗೆ ಹಾಕಿಕೊಳ್ಳಲಿಲ್ಲವಂತೆ. ಸತ್ತವರು ಈಗ ಆರು.

ಪೇಪರ್ ಮಡಚಿ ಇಟ್ಟೆ. ನಾನು ನಂಬರ್ ಹಾಕುವವಳು. ಕಾಗದದೊಳಗೆ ಏನಿದೆ ಎಂದು ನೋಡುವ ಕೆಲಸ ನನ್ನದಲ್ಲ.

ಆ ನೀರಗಂಟಿ ನನಗೆ ಗೊತ್ತು. ಹೆಸರು ಅಂಬ್ರಪ್ಪ. ಜೂನ್ 23ಕ್ಕೆ ಬಂದಿದ್ದ, ಸೋಮವಾರ. ಸಾಹೇಬರು ಇರಲಿಲ್ಲ. ನನ್ನ ಮೇಜಿನ ಮುಂದೆ ನಿಂತು, "ಬಾಯಾರ, ಗಟಾರದಾಗ ಹೊಸಾ ಪೈಪಿನ ಜೋಡು ಬಿಚ್ಚ್ಯದರಿ. ಮಳಿ ಬಂದ್ರ ಹೊಲಸ ನೀರು ಒಳಗ ಹೋಗ್ತದರಿ" ಎಂದ. ಬರೆದುಕೊಂಡು ಬಾ ಎಂದೆ. ಬಾಯಿಮಾತಿನ ದೂರು ತಗೊಳ್ಳುವ ಪದ್ಧತಿ ಇಲ್ಲ. ತನಗೆ ಬರೆಯಲು ಬರುವುದಿಲ್ಲ ಎಂದ. ಬಲ್ಲವರ ಕಡೆ ಬರೆಸಿಕೊಂಡು ಬಾ ಎಂದೆ. ಬುಧವಾರ ಮತ್ತೆ ಬಂದ, ಕಾಗದ ಇಲ್ಲದೆ. ಸಾಹೇಬರು ಮೀಟಿಂಗಿನಲ್ಲಿದ್ದರು. ಹೋದ.

ನಿಯಮ ಹೇಳಿದ್ದು ತಪ್ಪೇ?

ಜುಲೈ 9, ಬುಧವಾರ

ಸತ್ತವರು ಏಳಾದರು. ರಾಜಕೀಯದವರು ಬಂದರು. ವಿರೋಧ ಪಕ್ಷದವರು ಎಳ್ಳಗುಂಡದಲ್ಲಿ ಚಾಪೆಯ ಮೇಲೆ ಕೂತು ಫೋಟೊ ತೆಗೆಸಿಕೊಂಡರು. ನೀರಗಂಟಿಯನ್ನು ಮುಂದೆ ಮಾಡಿ ಗುತ್ತಿಗೆದಾರನನ್ನೂ ದೊಡ್ಡವರನ್ನೂ ಉಳಿಸುತ್ತಿದ್ದಾರೆ, ಸ್ವತಂತ್ರ ತನಿಖಾಧಿಕಾರಿ ಬರಲೇಬೇಕು ಎಂದರು. ಆಳುವ ಪಕ್ಷದವರು ಯಾದಗಿರಿಯಲ್ಲಿ ಮೈಕು ಹಿಡಿದು, ಇಲಾಖೆಯ ತನಿಖೆ ನಡೆದಿದೆ, ದಾಖಲೆ ಸ್ಪಷ್ಟವಾಗಿದೆ, ಹೊರಗಿನವರು ಯಾಕೆ ಎಂದರು.

ಇಬ್ಬರ ಮನವಿಪತ್ರವನ್ನೂ ನಮ್ಮ ಮನೆಯವರೇ ಝೆರಾಕ್ಸ್ ಮಾಡಿದ್ದು, ಬೆಳಗ್ಗೆ ಒಬ್ಬರದು, ಸಂಜೆ ಇನ್ನೊಬ್ಬರದು. ಊಟಕ್ಕೆ ಕೂತಾಗ ನಕ್ಕು ನಕ್ಕು ಹೇಳಿದರು: "ಎರಡರಾಗೂ ಆರಂಭ ಒಂದೇ ನೋಡು. ಅಮಾಯಕರ ಸಾವಿಗೆ ನ್ಯಾಯ ಸಿಗಬೇಕು. ಒಬ್ಬನೇ ಟೈಪ್ ಮಾಡ್ಯಾನೇನೊ!"

ನಾನೂ ನಕ್ಕೆ. ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದೆ. ಸ್ವತಂತ್ರದವರು ಬಂದರೆ ಮೊದಲು ಕೇಳುವುದೇ ರಿಜಿಸ್ಟರು. ಯಲ್ಲಮ್ಮಾ, ಯಾರೂ ಬರದ ಹಾಗೆ ನೋಡಿಕೋ ತಾಯಿ.

ಜುಲೈ 14, ಸೋಮವಾರ

ನೀರಗಂಟಿಯ ಹೆಂಡತಿ ಬಂದು ಕಚೇರಿಯ ಪಡಸಾಲೆಯಲ್ಲಿ ಕೂತಿದ್ದಾಳೆ. ಹಣಮಂತಮ್ಮ. ಸಾಹೇಬರು ಎದುರಾಗಲಿಲ್ಲ, ಹಿಂಬಾಗಿಲಿನಿಂದ ಜೀಪು ಹತ್ತಿದರು. ಅವಳು ನೇರ ನನ್ನ ಮೇಜಿಗೆ ಬಂದಳು.

"ಅಕ್ಕಾರ, ಆ ನೋಟೀಸ್ ಯಾರ ಕೈಯಾಗ ಕೊಟ್ಟಾರ್ರಿ? ನಮ್ಮನಿಯವ್ರಿಗಿ ಓದಾಕ ಬರಂಗಿಲ್ಲ. ಏನು ಕಾಗದ ಬಂದ್ರೂ ನಾನೇ ಓದಾಕಿ. ನಾ ಏಳನೇತ್ತ ಕಲ್ತೀನಿ. ಹಂಥಾದು ಯಾವುದೂ ಮನಿಗಿ ಬಂದಿಲ್ರಿ."

"ನನಗ ಗೊತ್ತಿಲ್ಲವ್ವಾ. ನಾ ಬರೇ ಗುಮಾಸ್ತಿ" ಎಂದೆ.

"ಯಾರಿಗಿ ಗೊತ್ತದರಿ ಹಂಗಾದ್ರ?"

ಶರೀಫಸಾಬ ನಡುವೆ ಬಂದು ಅವಳನ್ನು ಕರೆದುಕೊಂಡು ಹೋಗಿ ಚಹಾ ಕೊಡಿಸಿದ. ಮುದುಕನಿಗೆ ಈ ವರ್ಷ ನಿವೃತ್ತಿ, ಅವನಿಗೆ ಎಲ್ಲರ ಮೇಲೂ ಪ್ರೀತಿ.

ಜುಲೈ 15, ಮಂಗಳವಾರ

ಮತ್ತೆ ಬಂದಿದ್ದಳು. ನೀರು ಕುಡಿಯಲೂ ಹೊರಗೆ ಹೋಗಲಿಲ್ಲ.

ಜುಲೈ 16, ಬುಧವಾರ

ಮತ್ತೆ.

ಜುಲೈ 22, ಮಂಗಳವಾರ

ಸಾಹೇಬರು ಒಳಗೆ ಕರೆದು ಕುರ್ಚಿ ತೋರಿಸಿದರು. ಹನ್ನೊಂದು ವರ್ಷದಲ್ಲಿ ನನ್ನನ್ನು ಆ ಕುರ್ಚಿಯ ಮೇಲೆ ಯಾರೂ ಕೂರಿಸಿರಲಿಲ್ಲ. ದಿನಾ ಸುರಪುರದ ರಂಗಂಪೇಟೆಯಿಂದ ಶಹಾಪುರಕ್ಕೆ ಬಸ್ಸಿನಲ್ಲಿ ಓಡಾಡುವುದು ತ್ರಾಸಲ್ಲವೇ, ಸುರಪುರಕ್ಕೇ ಹಾಕಿಸಿಕೊಡಲೇ ಎಂದರು. ಆಮೇಲೆ ದನಿ ಸಣ್ಣದು ಮಾಡಿದರು.

"ಸಹಿ ನಂದು, ಅಕ್ಷರ ನಿಮ್ದು. ನಾ ಹೋದ್ರ ನಿಮ್ಮನ್ನ ಬಿಟ್ಟು ಹೋಗಂಗಿಲ್ಲ. ತಿಳೀತಿಲ್ಲ?"

ತಿಳಿಯಿತು. ಅವರೂ ಪಾಪ ಒಂದು ಬೆರಳಿನ ಉಗುರನ್ನು ಕಡಿದು ಕಡಿದು ರಕ್ತ ಬರಿಸಿಕೊಂಡಿದ್ದಾರೆ. ಆ ಪೈಪನ್ನು ಗಟಾರದೊಳಗೆ ಹಾಕಿದ್ದು ಗುತ್ತಿಗೆದಾರ, ಸರಿ ಇದೆ ಎಂದು ಸಹಿ ಹಾಕು ಎಂದವರು ಅವರಿಗಿಂತ ಮೇಲಿನವರು. ಎಲ್ಲರ ಮೇಲೂ ಇನ್ನೊಬ್ಬರು ಇದ್ದಾರೆ. ಎಲ್ಲರ ಕೆಳಗೆ ಅಂಬ್ರಪ್ಪ ಇದ್ದಾನೆ.

ಬೇಲು ಸಿಕ್ಕಿಲ್ಲವಂತೆ.

ಆಗಸ್ಟ್ 12, ಮಂಗಳವಾರ

ಕಚೇರಿಯ ಎದುರಿನ ಹೋಟೆಲಿನಲ್ಲಿ ಟಿವಿಯ ಮುಂದೆ ಜನವೋ ಜನ. ವಿಧಾನಸಭೆಯಲ್ಲಿ ನಮ್ಮದೇ ಚರ್ಚೆ. ನಾನೂ ಶರೀಫಸಾಬನೂ ಗೋಡೆಗೆ ಒರಗಿ ನಿಂತು ನೋಡಿದೆವು.

ವಿರೋಧ ಪಕ್ಷದವರು ಎದ್ದು, "ನಿಮ್ಮ ಅಧಿಕಾರಿಯೇ ತಪ್ಪು ಮಾಡಿ ನಿಮ್ಮ ಅಧಿಕಾರಿಯೇ ತನಿಖೆ ಮಾಡಿದರೆ ಸತ್ಯ ಎಲ್ಲಿಂದ ಬರುತ್ತದೆ ಸ್ವಾಮೀ? ನಿವೃತ್ತ ನ್ಯಾಯಾಧೀಶರನ್ನು ನೇಮಿಸಿ" ಎಂದರು. ಮಂತ್ರಿಗಳು ಎದ್ದು, "ನೀವು ಅಧಿಕಾರದಲ್ಲಿದ್ದಾಗ ಇದೇ ಜಾಗದಲ್ಲಿ ನಿಂತು ಇಲಾಖಾ ತನಿಖೆಯೇ ಸಾಕು ಎಂದಿದ್ದಿರಲ್ಲ, ಓದಲೇ?" ಎಂದು ಹಳೆಯ ಪುಸ್ತಕವೊಂದನ್ನು ತೆರೆದರು. ಅಲ್ಲಿಂದ ಅವರ ಕಾಲದ ಹಗರಣ ಇವರು ಎಣಿಸಿದರು, ಇವರ ಕಾಲದ್ದನ್ನು ಅವರು ಎಣಿಸಿದರು. ಒಂದು ತಾಸು ಹೋಯಿತು. ಎಳ್ಳಗುಂಡದ ಹೆಸರು ನಾಲ್ಕು ಸಲ ಬಂತು, ಅದರಲ್ಲಿ ಎರಡು ಸಲ ಎಳ್ಳಗೊಂಡ ಎಂದರು. ಅಂಬ್ರಪ್ಪನ ಹೆಸರು ಒಂದು ಸಲವೂ ಬರಲಿಲ್ಲ.

ಕೊನೆಗೆ ಮಂತ್ರಿಗಳು ಜಾವಕ ರಿಜಿಸ್ಟರಿನ ಪುಟದ ಝೆರಾಕ್ಸ್ ಪ್ರತಿ ಎತ್ತಿ ಹಿಡಿದರು. "ಅಧ್ಯಕ್ಷರೇ, ಜೂನ್ 18ರಂದೇ ಎಚ್ಚರಿಕೆ ಕೊಡಲಾಗಿದೆ. ಜಾವಕ ಸಂಖ್ಯೆ 731. ಇದಕ್ಕಿಂತ ಸಾಕ್ಷಿ ಬೇಕೇ?" ಕ್ಯಾಮೆರಾ ಹತ್ತಿರ ಹೋಯಿತು. ನನ್ನ ಅಕ್ಷರ. ಶಾಲೆಯಲ್ಲಿ ಬಹುಮಾನ ಪಡೆದ ಅಕ್ಷರ, ಇಡೀ ರಾಜ್ಯ ನೋಡಿತು.

ಶರೀಫಸಾಬ ನನ್ನ ಕಡೆ ತಿರುಗಲಿಲ್ಲ. "ಆ ಸಾಲು ಬಿಡಾಕ ನಾನೇ ಕಲಿಸೀನಿ ಬಾಯಿ" ಎಂದ, ಟಿವಿ ನೋಡುತ್ತಲೇ.

ಆಗಸ್ಟ್ 13, ಬುಧವಾರ

ಜ್ವರ. ರಜೆ.

ಆಗಸ್ಟ್ 20, ಬುಧವಾರ

ಎರಡೂ ಪಕ್ಷಗಳ ನಡುವೆ ಒಪ್ಪಂದವಾಯಿತು. ನಿವೃತ್ತ ನ್ಯಾಯಾಧೀಶರೊಬ್ಬರು ತನಿಖೆ ಮಾಡುತ್ತಾರೆ. ಆದರೆ ಒಂದು ಷರತ್ತು: ಕಚೇರಿಯ ದಾಖಲೆಗಳ ಆಧಾರದ ಮೇಲೆ ಮಾತ್ರ. ಸಿಬ್ಬಂದಿ ಬಂದು ದಾಖಲೆ ಗುರುತಿಸಿದರೆ ಸಾಕು, ಹೇಳಿಕೆ ಬೇಕಿಲ್ಲ. ಸ್ವತಂತ್ರದವರು ಬಂದರು ಎಂದು ಅವರು ಗೆದ್ದರು, ದಾಖಲೆ ಮೀರಿ ಹೋಗುವಂತಿಲ್ಲ ಎಂದು ಇವರು ಗೆದ್ದರು. ಸಂಜೆ ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಎರಡೂ ಕಡೆಯವರು ಪಟಾಕಿ ಹೊಡೆಯುತ್ತಿದ್ದರು. ಮೂಗಿಗೆ ಸೆರಗು ಹಿಡಿದು ನಡೆದೆ.

ನಾನು ಬೇಡಿಕೊಂಡಿದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಯಾರೂ ನನ್ನನ್ನು ಏನೂ ಕೇಳುವುದಿಲ್ಲ.

ಹಾಂ, ಇವತ್ತು ಸಾಹೇಬರು ರಿಜಿಸ್ಟರ್ ತಿರುವಿ ಹಾಕಿ ರೇಗಿದರು. "ಇದೇನ್ರಿ, ಒಂದು ತಿಂಗಳಿಂದ ಒಂದು ಸಾಲೂ ಖಾಲಿ ಬಿಟ್ಟಿಲ್ಲ?" ನೋಡಿದರೆ ಹೌದು, ಜುಲೈ ನಡುವಿನಿಂದ ಬಿಟ್ಟೇ ಇಲ್ಲ. ಮರೆತಿದ್ದೇನೆ ಎಂದೆ. ಈ ಬಿ.ಪಿ. ಗುಳಿಗೆಯಿಂದ ಮರೆವು ಬರುತ್ತದಂತೆ, ಡಾಕ್ಟರಿಗೆ ಕೇಳಬೇಕು.

ಆಗಸ್ಟ್ 24, ಭಾನುವಾರ

ನಮ್ಮ ಮನೆಯವರಿಗೆ ಹೇಳಿಬಿಟ್ಟೆ. ಬಟ್ಟೆ ಒಣಹಾಕುತ್ತಿದ್ದೆ, ಅವರು ಕ್ಲಿಪ್ಪು ಕೊಡುತ್ತಿದ್ದರು, ಬಾಯಿಂದ ಬಂದುಬಿಟ್ಟಿತು. ಎಲ್ಲ ಕೇಳಿ ಕ್ಲಿಪ್ಪಿನ ಡಬ್ಬಿ ಕೆಳಗಿಟ್ಟರು.

"ಮಲ್ಲೀ, ಸುಮ್ನಿರು. ನಿನಗ ಯಾರೂ ಕೇಳ್ಯಾರೇನು? ಇಲ್ಲಲ್ಲ?"

"ಅವ ಜೈಲಿನಾಗ ಅದಾನಲ್ರಿ."

"ನೀ ಹೇಳಿದ್ರ ನೀನೂ ಅಲ್ಲಿಗೇ ಹೋಗ್ತಿ. ಸುಳ್ಳ ದಾಖಲಿ ಬರದಾಕಿ ನೀನು. ನಿಮ್ಮ ಸಾಹೇಬ ನನಗೇನು ಗೊತ್ತು, ಗುಮಾಸ್ತಿ ಬರದಾಳ ಅಂತಾನ. ಮಂತ್ರಿ ಆ ಸಾಹೇಬ ಯಾರು ಅಂತಾನ. ಕಡೀಗಿ ಉಳಿಯಾಕಿ ನೀನು."

ಸುಳ್ಳಲ್ಲ. ಅವರು ಅಂಗಡಿಯಲ್ಲಿ ದಿನಾ ಕಾಗದ ನೋಡುವವರು, ಅವರಿಗೆ ತಿಳಿಯುತ್ತದೆ. ಸಂಜೆ ಹೇಳದೆ ಕೇಳದೆ ಹೋಗಿ ನನಗೆ ಜಿಲೇಬಿ ತಂದರು. ಇಬ್ಬರೂ ತಿನ್ನಲಿಲ್ಲ.

ಸೆಪ್ಟೆಂಬರ್ 7, ಭಾನುವಾರ

ಹುಣಸಗಿಗೆ ಚಿಕ್ಕಮ್ಮನನ್ನು ನೋಡಲು ಹೊರಟೆ. ಬಸ್ಸು ಎಳ್ಳಗುಂಡದ ಕ್ರಾಸಿನಲ್ಲಿ ನಿಂತಾಗ ಇಳಿದುಬಿಟ್ಟೆ. ಯಾಕೆ ಇಳಿದೆನೋ.

ಗಟಾರದ ಪಕ್ಕದಲ್ಲಿ ಈಗ ಹೊಸ ಪೈಪು, ದಪ್ಪನೆಯದು. ನೀಲಿ ಬಣ್ಣ ಇನ್ನೂ ಮಾಸಿಲ್ಲ. ಹಳೆಯದರ ತುಂಡೂ ಕಾಣಲಿಲ್ಲ, ಎಲ್ಲ ಎತ್ತಿಕೊಂಡು ಹೋಗಿದ್ದಾರೆ. ಅಂಬ್ರಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಒಬ್ಬ ಮುದುಕಿ ಮುಖ ತಿರುಗಿಸಿದಳು. ಅವಳ ಮೊಮ್ಮಗಳು ಸತ್ತವರಲ್ಲಿ ಒಬ್ಬಳಂತೆ, ಆಮೇಲೆ ತಿಳಿಯಿತು. ಹಣಮಂತಮ್ಮನನ್ನು ಊರಲ್ಲಿ ಯಾರೂ ಕೂಲಿಗೆ ಕರೆಯುತ್ತಿಲ್ಲ, ವಡಗೇರಾ ಕಡೆ ಹತ್ತಿ ಹೊಲಕ್ಕೆ ಹೋಗಿ ಬರುತ್ತಾಳೆ.

ಅವಳು ನನ್ನನ್ನು ನೋಡಿ ಎಷ್ಟು ಸಂತೋಷಪಟ್ಟಳೆಂದರೆ ನನಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು. ಕಚೇರಿಯಿಂದ ಬಂದವಳು ನಾನೊಬ್ಬಳೇ ಅಂತೆ. ಕಂಬಳಿ ಹಾಸಿ ಚಹಾ ಕೊಟ್ಟಳು.

"ಅಕ್ಕಾರ, ಈಗ ಹೊಸಾ ಫಿಕರ್ ಹತ್ಯದ. ಮೊನ್ನಿ ಜೈಲಿಗಿ ಭೆಟ್ಟಿ ಆಗಾಕ ಹೋಗಿದ್ದೆ. ನೋಟೀಸ್ ಬಂದಿತ್ತು ಅಂತಾರ."

"ಯಾರು?"

"ಅವರೇ, ನಮ್ಮನಿಯವ್ರು. ಬಂದಿರಬೇಕು ಹಣಮಂತಿ, ನಾನೇ ಎಲ್ಲೋ ಇಟ್ಟು ಮರ್ತೀನಿ ಅಂತಾರ. ಅಷ್ಟು ದೊಡ್ಡ ಸಾಹೇಬ್ರು, ಮಂತ್ರಿಗಳು ಸುಳ್ಳು ಯಾಕ ಹೇಳ್ತಾರ ಅಂತಾರ. ಏಳು ಜನರ್‍ನ ನಾನೇ ಕೊಂದೀನಿ ಅಂತ ಅಳ್ತಾರ್ರಿ. ಊಟ ಬಿಟ್ಟಾರ."

ಚಹಾ ಮುಗಿಸಿದೆನೋ ಬಿಟ್ಟೆನೋ ನೆನಪಿಲ್ಲ. ಚಿಕ್ಕಮ್ಮನ ಮನೆಗೆ ಹೋಗಲಿಲ್ಲ. ಕ್ರಾಸಿನಲ್ಲಿ ಎರಡು ಬಸ್ಸು ಹೋದವು, ಕೈ ಮಾಡಲಿಲ್ಲ. ಮೂರನೆಯದಕ್ಕೆ ಹತ್ತಿದೆ.

ನನ್ನ ಒಂದು ಸಾಲು ಆ ಮನುಷ್ಯನ ತಲೆಯೊಳಗೆ ಹೋಗಿ ಕೂತಿದೆ. ಅಂಬ್ರಪ್ಪಣ್ಣ ಎರಡು ಸಲ ಬಂದು ನಿಂತು ಹೇಳಿದ್ದ. ಅದನ್ನು ಅವನೂ ಮರೆತಿದ್ದಾನೆ. ಈಗ ಅದು ಗೊತ್ತಿರುವುದು ನನಗೊಬ್ಬಳಿಗೇ.

ಸೆಪ್ಟೆಂಬರ್ 17, ಬುಧವಾರ

ಧ್ವಜಾರೋಹಣಕ್ಕೆ ಯಾದಗಿರಿಗೆ ಹೋಗಿದ್ದೆವು. ನಿಜಾಮನಿಂದ ಬಿಡುಗಡೆಯಾದ ದಿನದ ಬಗ್ಗೆ ಭಾಷಣಗಳಾದವು. ಸಾಹೇಬರು ಪಕ್ಕಕ್ಕೆ ಕರೆದು, ಮುಂದಿನ ಮಂಗಳವಾರ ಇಲ್ಲೇ ಗೆಸ್ಟ್‌ಹೌಸಿನಲ್ಲಿ ಜಡ್ಜ್ ಸಾಹೇಬರ ಮುಂದೆ ರಿಜಿಸ್ಟರ್ ಹಾಜರು ಮಾಡಬೇಕು ಎಂದರು. "ನಿಮ್ಮ ಅಕ್ಷರ ಏನು ಅಂತ ಕೇಳ್ತಾರ. ಹೌದ್ರಿ ಅನ್ರಿ, ಬರ್ರಿ. ಸುಳ್ಳೇನಲ್ಲಲ್ಲ ಅದು?"

ಸುಳ್ಳಲ್ಲ, ಅದೇ ತೊಂದರೆ. ಆಡಬೇಕಾದ ಒಂದೊಂದು ಮಾತೂ ನಿಜ.

ಸುರಪುರಕ್ಕೆ ವರ್ಗದ ಆದೇಶ ಬಂದಿದೆ. ಅಕ್ಟೋಬರ್ ಒಂದರಿಂದ. ಮನೆಯಿಂದ ನಡೆದು ಹೋಗಬಹುದು.

ಸೆಪ್ಟೆಂಬರ್ 23, ಮಂಗಳವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಗೆಸ್ಟ್‌ಹೌಸಿನ ಹಾಲು. ನಡುವೆ ಜಡ್ಜ್ ಸಾಹೇಬರು, ಬೆಂಗಳೂರು ಕಡೆಯವರು, ಬಿಳಿಕೂದಲು. ಒಂದು ಕಡೆ ಸರ್ಕಾರದ ವಕೀಲರು, ಇನ್ನೊಂದು ಕಡೆ ವಿರೋಧ ಪಕ್ಷದವರು ತಂದ ವಕೀಲರು. ಬಾಲರಾಜ ಸಾಹೇಬರು ಕಿಟಕಿ ಪಕ್ಕದಲ್ಲಿ. ನಾನು ರಿಜಿಸ್ಟರನ್ನು ಮಗುವಿನ ಹಾಗೆ ಎದೆಗವಚಿಕೊಂಡು ನಿಂತಿದ್ದೆ. ಬಾಗಿಲ ಹೊರಗೆ ಬೆಂಚಿನ ಮೇಲೆ ಹಣಮಂತಮ್ಮ ಇದ್ದಳು, ಯಾರು ತಾರೀಖು ಹೇಳಿದರೋ.

"ಇದು ನಿಮ್ಮ ಕೈಬರಹವೇನಮ್ಮಾ?"

"ಹೌದ್ರಿ."

"ಜೂನ್ 18ರ ಪುಟದಲ್ಲಿ 731, ಇದೂ ನಿಮ್ಮದೇ?"

"ಹೌದ್ರಿ."

"ಆಯ್ತು. ನೀವಿನ್ನು ಹೋಗಬಹುದು."

ಎರಡೂ ಕಡೆಯ ವಕೀಲರು ತಮ್ಮ ಪ್ರಶ್ನೆ ಇಲ್ಲ ಎಂದರು. ಬಾಲರಾಜ ಸಾಹೇಬರು ಕಣ್ಣಿನಲ್ಲೇ ಶಾಬಾಸ್ ಎಂದರು. ನಾನು ಹೋಗಬೇಕಿತ್ತು. ಹೋಗಲಿಲ್ಲ. ಧೈರ್ಯ ಅಂತ ಬರೆಯುವುದಿಲ್ಲ.

"ಇನ್ನೊಂದು ಕೇಳೋದು ಉಳೀತ್ರಿ" ಎಂದೆ.

"ಏನು?"

"ಯಾವಾಗ ಬರದಿ ಅಂತ ಯಾರೂ ಕೇಳಲಿಲ್ರಿ."

ಎರಡೂ ಕಡೆಯ ವಕೀಲರು ಒಟ್ಟಿಗೇ ಎದ್ದು ನಿಂತರು. ಸಿಬ್ಬಂದಿಯ ಹೇಳಿಕೆ ತನಿಖೆಯ ವ್ಯಾಪ್ತಿಯಲ್ಲಿ ಇಲ್ಲ ಎಂದು ಸರ್ಕಾರದವರು, ಈ ಸಾಕ್ಷಿಯ ಬಗ್ಗೆ ನಮಗೆ ಮೊದಲೇ ತಿಳಿಸಿಲ್ಲ ಎಂದು ವಿರೋಧ ಪಕ್ಷದವರು. ಮೂರು ತಿಂಗಳಲ್ಲಿ ಮೊದಲ ಸಲ ಎರಡೂ ಪಕ್ಷ ಒಂದೇ ಮಾತಾಡಿದ್ದು ಕೇಳಿದೆ. ಜಡ್ಜ್ ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಆಮೇಲೆ, "ದಾಖಲೆ ಅಂದಮೇಲೆ ಅದು ಹುಟ್ಟಿದ ದಿನವೂ ದಾಖಲೆಯೇ. ಕೂತ್ಕೊಳ್ಳಿ" ಎಂದು ಅವರಿಗೆ ಹೇಳಿ ನನ್ನ ಕಡೆ ತಿರುಗಿದರು.

"ಯಾವಾಗ ಬರೆದಿರಿ?"

"ಜುಲೈ ಮೂರಕ್ಕರಿ. ಮಧ್ಯಾಹ್ನ ಮೂರೂವರಿಗಿ. ಆಗಲೇ ಎಳ್ಳಗುಂಡದಾಗ ನಾಲ್ಕು ಮಂದಿ ಸತ್ತಿದ್ರು."

ಖಾಲಿ ಸಾಲಿನ ಬಗ್ಗೆ ಹೇಳಿದೆ. ಅಂಬ್ರಪ್ಪಣ್ಣ ಎರಡು ಸಲ ಬಂದದ್ದು, ಬರೆದುಕೊಂಡು ಬಾ ಎಂದು ನಾನು ಕಳಿಸಿದ್ದು, ಎಲ್ಲ ಹೇಳಿದೆ. ಯಾರು ಬರೆ ಎಂದರು ಎಂದು ಕೇಳಿದರು, ಅದನ್ನೂ ಹೇಳಿದೆ. ಬಾಲರಾಜ ಸಾಹೇಬರು ಕಿಟಕಿಯ ಹೊರಗೆ ನೋಡುತ್ತಿದ್ದರು. ಟೈಪಿಸ್ಟ್ ಹುಡುಗಿ ಬೇಗ ಬೇಗ ಹೊಡೆದಳು, ನಾನು ಓದಿ ಸಹಿ ಹಾಕಿದೆ. ಪೂರ್ತಿ ಓದಿದೆ.

ಹೊರಗೆ ಹಣಮಂತಮ್ಮ ಎದ್ದು ನಿಂತಿದ್ದಳು. ಬಾಗಿಲು ತೆರೆದೇ ಇತ್ತು, ಎಲ್ಲ ಕೇಳಿಸಿಕೊಂಡಿದ್ದಳು. ನಾನು ಕೈ ಮುಂದೆ ಮಾಡಿದೆ. ಅವಳು ಹಿಡಿಯಲಿಲ್ಲ.

"ನಮ್ಮ ಮನ್ಯಾಗ ಕುಂತು ಚಹಾ ಕುಡಿಯಾಗೂ ನಿಮಗ ಗೊತ್ತಿತ್ತಲ್ರಿ ಮೇಡಂ" ಎಂದಳು. ಅಕ್ಕಾರ ಅನ್ನಲಿಲ್ಲ.

ಹೌದು ಎಂದೆ. ಅವಳು ನನ್ನ ದಾರಿಗೆ ಅಡ್ಡ ನಿಂತಳು.

"ಈಗ ಹೇಳಿದ್ದನ್ನ ಅವ್ರಿಗಿ ನೀವೇ ಬಂದು ಹೇಳ್ರಿ. ನಾ ಹೇಳಿದ್ರ ನಂಬಂಗಿಲ್ಲ. ನೀನು ಸಮಾಧಾನ ಮಾಡಾಕ ಹೇಳ್ತಿ ಅಂತಾರ. ಅವ್ರು ಕೊಂದಿಲ್ಲ ಅಂತ ಅವ್ರಿಗಿ ಗೊತ್ತಾಗಬೇಕ್ರಿ."

ಜೈಲಿನ ಭೇಟಿ ಗುರುವಾರವಂತೆ. ಬರುತ್ತೇನೆ ಎಂದಿದ್ದೇನೆ. ಅಷ್ಟರೊಳಗೆ ನನ್ನ ಅಮಾನತಿನ ಆದೇಶ ಕೈಗೆ ಬಂದಿರುತ್ತದೆ, ರಜೆ ಅರ್ಜಿ ಬರೆಯುವ ಕೆಲಸವಿಲ್ಲ.